ಆನೆ ನಿಂತಿರಬೇಕು, ಲಂಗ ಸುತ್ತಬೇಕು

ದೊಡ್ಡವರಿಗೆ ಬಟ್ಟೆ ಹೊಲಿಯುವುದರಲ್ಲಿ ಒಂದು ಸುಖವಿದೆ. ಅವರು ಸುಳ್ಳು ಹೇಳುತ್ತಾರೆ. ಕಂಕುಳಲ್ಲಿ ಹಿಡಿದುಕೊಂಡು ಕೈ ಮೇಲೆತ್ತಲು ಆಗದಿದ್ದರೂ “ಪರವಾಗಿಲ್ಲ ಕಣ್ರೀ, ಚೆನ್ನಾಗೇ ಇದೆ” ಅಂದು, ಮನೆಗೆ ಹೋಗಿ ಬೀರುವಿನ ತಳಕ್ಕೆ ಸೇರಿಸುತ್ತಾರೆ. ಐದು ವರ್ಷದ ಮಗುವಿಗೆ ಆ ಸಂಸ್ಕಾರ ಇನ್ನೂ ಬಂದಿರುವುದಿಲ್ಲ. ಎರಡು ದಿನ ಕೂತು ಹೊಲಿದ ಫ್ರಾಕು ಮೈಮೇಲೆ ಎರಡು ನಿಮಿಷ ಇರುತ್ತದೆ. “ಚುಚ್ತಿದೆ” ಅಂತ ನಡುಮನೆಯಲ್ಲೇ ಬಿಚ್ಚಿ ಎಸೆದು, ಮೊಣಕಾಲಿನ ಹತ್ತಿರ ತೂತು ಬಿದ್ದ ಹಳೇ ಪೈಜಾಮ ಏರಿಸಿಕೊಂಡು ಮಗು ಆಟಕ್ಕೆ ಓಡುತ್ತದೆ. ಎದೆ ಸರಿಯಿತ್ತು, ಭುಜ ಸರಿಯಿತ್ತು, ಉದ್ದ ಸರಿಯಿತ್ತು. ಟೇಪಿಗೆ ಸಿಗುವುದೆಲ್ಲ ಸರಿಯಾಗಿಯೇ ಇತ್ತು.

ಹಾಗಾಗಿ ಮೊದಲು ವಿಚಾರಣೆಗೆ ಕರೆಯಬೇಕಾದದ್ದು ಮಗುವನ್ನಲ್ಲ, ಆ ತೂತು ಪೈಜಾಮವನ್ನು. ನೆಲದ ಮೇಲೆ ಹರಡಿ, ಸೀಟಿನ, ಅಂದರೆ ಕೂರುವ ಭಾಗದ, ಅಗಲ ಅಳೆದು ಎರಡರಿಂದ ಗುಣಿಸಿ. ಮೈಯ ಅಳತೆ 24 ಅಂಗುಲ, ಪೈಜಾಮ 30 ಬಂತೆಂದರೆ ಈ ಗಿರಾಕಿಗೆ ಆರು ಅಂಗುಲ ಸಡಿಲ ಬೇಕು. ನೀವು ಪುಸ್ತಕ ನೋಡಿ ಮೂರು ಬಿಟ್ಟಿರೋ, ಅದು “ಟೈಟು”. ಸೊಂಟದ ಲಾಸ್ಟಿಕ್ ಎಷ್ಟು ಅಗಲದ್ದೆಂದು ನೋಡಿ. ಕಾಲಂಗುಲದ್ದು ದಾರದ ಹಾಗೆ ಹೊಟ್ಟೆಗೆ ಕೂತು ಸಂಜೆ ಹೊತ್ತಿಗೆ ಕೆಂಪು ಗೆರೆ ಬರೆಯುತ್ತದೆ, ಒಂದಂಗುಲದ್ದು ಸುಮ್ಮನಿರುತ್ತದೆ. ಲೇಬಲ್ಲನ್ನು ಯಾರೋ ಕತ್ತರಿಸಿ ತೆಗೆದ ಗುರುತಿದ್ದರೆ ಗಿರಾಕಿಯ ಚರ್ಮ ಎಂಥದ್ದೆಂದು ಅಲ್ಲಿಗೇ ಗೊತ್ತಾಯಿತು.

ವಯಸ್ಸು ನೋಡಿ ಮಾತ್ರ ಕತ್ತರಿಸಬೇಡಿ. 1863ರಲ್ಲಿ ಅಮೆರಿಕದ ದರ್ಜಿ ಎಬೆನೆಜರ್ ಬಟರಿಕ್ ಸೈಜುವಾರು ಕಾಗದದ ಪ್ಯಾಟರ್ನು ಮಾರತೊಡಗಿದ. ಅಂದಿನಿಂದ ಮಕ್ಕಳೆಲ್ಲ ನಂಬರಿನ ಪ್ರಕಾರ ಬೆಳೆಯಬೇಕು ಅಂತ ದೊಡ್ಡವರು ಕಾಯುತ್ತಿದ್ದಾರೆ. ಮಕ್ಕಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ನಮ್ಮಲ್ಲಿ ಪ್ಯಾಟರ್ನಿಗೆ ಹಳೇ ಪೇಪರೇ ಗತಿ, ಅದು ಸಾಕು ಕೂಡ. ಬಿಳಿ ಬಟ್ಟೆಗೆ ಮಾತ್ರ ಬೇಡ. ಕೈಯ ಬೆವರಿಗೆ ಮಸಿ ಬಿಟ್ಟುಕೊಂಡು ಯಾವುದೋ ಪುಢಾರಿಯ ಭಾಷಣ ಮಗುವಿನ ಬೆನ್ನ ಮೇಲೆ ಮೂಡುತ್ತದೆ.

ಇನ್ನು ಬಟ್ಟೆ ಆರಿಸುವುದು. ಮಗುವಿನ ಇಷ್ಟದಂತೆ ಹೊಲಿಯೋಣ ಅಂತ ಚಿಕ್ಕಪೇಟೆಗೆ ಮಗುವನ್ನೇ ಕರೆದುಕೊಂಡು ಹೋಗುವವರಿದ್ದಾರೆ. ಅವರ ಧೈರ್ಯಕ್ಕೆ ಕೈ ಮುಗಿಯಬೇಕು. ಗೋಡೆ ತುಂಬ ಥಾನುಗಳಿದ್ದರೆ ಮಗುವಿನ ಕಣ್ಣು ಹೋಗುವುದು ಒಂದೇ ಒಂದಕ್ಕೆ: ಮೀನಿನ ಚಿಪ್ಪಿನಂತೆ ಮಿಂಚುವ, ಸವರಿದರೆ ಬಣ್ಣ ಬದಲಾಯಿಸುವ ಸೀಕ್ವಿನ್ ಬಟ್ಟೆ. ಅದನ್ನು ಹೊಲಿದರೆ ಮೆಷಿನ್ನಿನ ಸೂಜಿ ಮುರಿಯುತ್ತದೆ, ಉಟ್ಟರೆ ಕೈಯ ಒಳಭಾಗ ಕೆರೆಯುತ್ತದೆ. ದೊಡ್ಡವರೇ ಹೋಗಿ ಮೂರು ಬಗೆ ಕಟ್‌ಪೀಸ್ ತಂದು ಮುಂದಿಡುವುದು ವಾಸಿ. ಒಂದೊಂದನ್ನೂ ಮಗುವಿನ ಕುತ್ತಿಗೆಯ ಹಿಂದೆ ಇಟ್ಟು ಹತ್ತು ಎಣಿಸಿ. ಹತ್ತರೊಳಗೆ ತಲೆ ಕೊಡವಿದರೆ ಅದು ಅಲ್ಲಿಗೇ ಫೇಲು. ಪಾಸಾದ ಬಟ್ಟೆಯನ್ನು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ. ಹೊಸ ಕಾಟನ್ ಮೊದಲ ನೀರಿಗೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ. 16 ಅಂಗುಲದ ಲಂಗದಲ್ಲಿ ಅದು ಅರ್ಧದಿಂದ ಮುಕ್ಕಾಲು ಅಂಗುಲ. ಸೀಟಿನ ಕಡೆ ಕುಗ್ಗಿದರೆ ಇನ್ನೂ ಫಜೀತಿ.

ಈಗ ಆರ್ಡರು. ಹುಡುಗಿಯ ಆರ್ಡರು ಸಾಮಾನ್ಯವಾಗಿ ಹೀಗಿರುತ್ತದೆ: ಲಂಗದ ತುಂಬ ಆನೆ ಇರಬೇಕು, ಗಿರ್ರನೆ ಸುತ್ತಿದರೆ ಛತ್ರಿ ಆಗಬೇಕು, ಜೇಬು ಬೇಕು. ಕೇಳಲು ಮೂರು ಪುಟ್ಟ ಆಸೆ. ಹೊಲಿಯಲು ಕೂತಾಗ ಮೂರೂ ಒಂದಕ್ಕೊಂದು ಆಗದ ದಾಯಾದಿಗಳು ಅಂತ ಗೊತ್ತಾಗುತ್ತದೆ.

ಛತ್ರಿಯಾಗಬೇಕಾದರೆ ಅಂಬ್ರೆಲಾ ಕಟ್ ಬೇಕು, ಅಂದರೆ ನಡುವೆ ತೂತಿರುವ ಪೂರ್ತಿ ವೃತ್ತ. ಇಲ್ಲಿ ಮೊದಲ ತಪ್ಪು ಆಗುವುದು ತೂತಿನಲ್ಲೇ. ಸೊಂಟ 21 ಅಂಗುಲ ಅಂತ ಅಷ್ಟೇ ತೂತು ಮಾಡಿದರೆ ಲಂಗ ಸೀಟಿನ ಮೇಲೆ ಏರುವುದಿಲ್ಲ. ಲಾಸ್ಟಿಕ್ ಲಂಗಕ್ಕೆ ಲೆಕ್ಕ ಹಿಡಿಯಬೇಕಾದದ್ದು ಸೀಟು, ಅಂದರೆ 24. ಅದನ್ನು 6.28ರಿಂದ (ಪೈನ ಎರಡರಷ್ಟು) ಭಾಗಿಸಿದರೆ ತೂತಿನ ತ್ರಿಜ್ಯ 3.8 ಅಂಗುಲ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮಡಿಕೆಗಳೆಲ್ಲ ಕೂಡುವ ಮೂಲೆಯಿಂದ 3.8ಕ್ಕೆ ಗುಂಡಗೆ ಚಾಕ್ ಎಳೆಯಿರಿ. ಇದು ಹೊಲಿಗೆಯ ಗೆರೆ. ಕತ್ತರಿ ಹಾಕುವುದು ಅದಕ್ಕಿಂತ ಅರ್ಧ ಅಂಗುಲ ಒಳಗೆ. ಅದೇ ಮೂಲೆಯಿಂದ 20.3ಕ್ಕೆ ಇನ್ನೊಂದು ಗೆರೆ: 3.8, ಲಂಗದ ಉದ್ದ 16, ಮಡಿಸಲು ಅರ್ಧ.

ಮಡಿಕೆ ಕೂಡುವ ಮೂಲೆ ಬಿಟ್ಟು ಬಿಚ್ಚಿಕೊಳ್ಳುವ ಮೂಲೆಗೆ ಕತ್ತರಿ ಹಾಕಿದರೆ ಲಂಗದ ಬದಲು ನಾಲ್ಕು ಮೂಲೆಯನ್ನೂ ಇಲಿ ಕಚ್ಚಿದಂಥ ಮೇಜಿನ ಬಟ್ಟೆ ಸಿಗುತ್ತದೆ. “ನಾಲ್ಕು ಮಡಿಕೆಯಲ್ವಾ, ಡಬಲ್ ಇಡೋಣ” ಅಂತ 3.8ರ ಜಾಗದಲ್ಲಿ 7.6 ಇಟ್ಟವರಿಗೆ ತೂತಿನ ಸುತ್ತಳತೆ 48 ಅಂಗುಲಕ್ಕೆ ಹತ್ತಿರ ಬರುತ್ತದೆ. ಆ ಲಂಗದಲ್ಲಿ ಮಗುವಿನ ಜೊತೆ ಅಮ್ಮನೂ ಇಳಿಯಬಹುದು.

ವೃತ್ತದ ಅಡ್ಡಳತೆ 41 ಅಂಗುಲ ಬಂತಲ್ಲ, 44 ಅಂಗುಲ ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ಆರಾಮಾಗಿ ಕೂರುತ್ತದೆ. ಒಂದೂಕಾಲು ಮೀಟರ್ ಸಾಕು. ಅಂಗಡಿಯವರು “ಇದೂ ಅದೇ ಬಟ್ಟೇನೇ ಮೇಡಂ” ಅಂತ 36 ಪನ್ನದ್ದು ಕೊಟ್ಟರೆ ಕೂರುವುದಿಲ್ಲ. ಎರಡು ಅರ್ಧವೃತ್ತ ಕತ್ತರಿಸಿ ಜೋಡಿಸಬೇಕು, ಎರಡು ಮೀಟರ್ ಹತ್ತಿರ ಬಟ್ಟೆ ಬೇಕಾಗುತ್ತದೆ. ಒಂದೂಕಾಲು ಮೀಟರಿನಲ್ಲಿ ವೃತ್ತ ತೆಗೆದ ಮೇಲೆ ಆರು ಅಂಗುಲ ಅಗಲದ ಪಟ್ಟಿಯೊಂದು ಉಳಿಯುತ್ತದೆ. ಅದರಲ್ಲಿ 25 ಅಂಗುಲ ಉದ್ದ, ಮೂರೂವರೆ ಅಗಲದ್ದು ಸೊಂಟದ ಪಟ್ಟಿಗೆ. ಒಂದಂಗುಲದ ಲಾಸ್ಟಿಕ್ಕನ್ನು ಸೊಂಟಕ್ಕಿಂತ ಎರಡು ಅಂಗುಲ ಕಡಿಮೆ ಮಾಡಿ, ತುದಿಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯಲು ಒಂದು ಸೇರಿಸಿ, ಒಟ್ಟು 20 ಕತ್ತರಿಸಿ. ತೂರಿಸುವಾಗ ಹಿಂದಿನ ತುದಿಗೂ ಒಂದು ಪಿನ್ನು ಹಾಕಿ ಬಟ್ಟೆಗೆ ಕಚ್ಚಿಸಿಡಿ. ಇಲ್ಲದಿದ್ದರೆ ಮುಂದಿನ ತುದಿ ಆಚೆ ಬಂತು ಅಂತ ಹಿಗ್ಗುವಾಗಲೇ ಹಿಂದಿನದು ಸುರುಳಿಯೊಳಗೆ ಮಾಯವಾಗಿರುತ್ತದೆ.

ಸೊಂಟದ ಪಟ್ಟಿ ಹಚ್ಚಿದ ಲಂಗಕ್ಕೆ ತಕ್ಷಣ ಅಂಚು ಮಡಿಸುವ ಆಸೆಯಾಗುತ್ತದೆ. ತಡೆಯಿರಿ. ಒಂದು ದಿನ ಹ್ಯಾಂಗರಿಗೆ ನೇತುಹಾಕಿ. ವೃತ್ತದಲ್ಲಿ ನಾಲ್ಕು ಕಡೆ ಎಳೆ ನೇರ, ನಡುವಿನ ನಾಲ್ಕು ಕಡೆ ಓರೆ. ಓರೆಯ ಜಾಗ ತನ್ನ ಭಾರಕ್ಕೆ ತಾನೇ ಜೋತು ಅರ್ಧ ಅಂಗುಲ, ಒಂದಂಗುಲ ಇಳಿಯುತ್ತದೆ. ಮೊದಲೇ ಮಡಿಸಿಬಿಟ್ಟರೆ ವಾರದಲ್ಲಿ ಲಂಗಕ್ಕೆ ನಾಲ್ಕು ಬಾಲ. ಇಳಿದದ್ದನ್ನು ಸಮ ಮಾಡಿ ಕತ್ತರಿಸಿ, ಕಾಲಂಗುಲದ ಮೇಲೆ ಕಾಲಂಗುಲ, ಸಣ್ಣಗೆ ಮಡಿಸಿ. ಬೆಳೆಯುವ ಮಗು ಅಂತ ಎರಡಂಗುಲ ಮಡಿಸಿದರೆ ಹೊರಗಿನ ಸುತ್ತು ಹೆಚ್ಚು, ಒಳಗಿನ ಸುತ್ತು ಕಡಿಮೆ, ಹೆಚ್ಚಿನ ಬಟ್ಟೆ ಹಪ್ಪಳದ ಅಂಚಿನಂತೆ ಸುಕ್ಕುಗಟ್ಟುತ್ತದೆ.

ಇಷ್ಟೆಲ್ಲ ಆಗಿ ಮಗು ಲಂಗ ತೊಟ್ಟು, ಸುತ್ತಿ, ಛತ್ರಿಯಾದದ್ದಕ್ಕೆ ಕಿರುಚಿ ಖುಷಿಪಟ್ಟು, ನಿಂತು, ಕೆಳಗೆ ನೋಡುತ್ತದೆ.

“ಅಮ್ಮಾ, ಈ ಆನೆ ಯಾಕೆ ಬಿದ್ದಿದೆ?”

ಒಂದೇ ದಿಕ್ಕಿಗೆ ಅಚ್ಚು ಹಾಕಿದ ಬಟ್ಟೆಯಿಂದ ವೃತ್ತ ಕತ್ತರಿಸಿದರೆ ಮುಂದಿನ ಆನೆ ನಿಂತಿರುತ್ತದೆ, ಪಕ್ಕದ್ದು ಮಲಗಿರುತ್ತದೆ, ಹಿಂದಿನದು ಶೀರ್ಷಾಸನ ಹಾಕಿರುತ್ತದೆ. “ಆನೆಗೆ ಸುಸ್ತಾಗಿದೆ ಪುಟ್ಟಾ” ಅಂತ ಒಂದು ಸಲ ಹೇಳಬಹುದು. ಬೆನ್ನ ಹಿಂದಿನ ಆನೆಯನ್ನು ಕನ್ನಡಿಯಲ್ಲಿ ನೋಡುವವರೆಗೆ ಆ ಮಾತು ನಡೆಯುತ್ತದೆ.

ಆನೆಗಳು ನಿಲ್ಲಲೇಬೇಕು ಅಂದರೆ ನೆರಿಗೆ ಲಂಗ: ಸೀಟಿನ ಎರಡರಷ್ಟು, 48 ಅಂಗುಲ ಬಟ್ಟೆ, ನೇರ ಆಯತ. ಆದರೆ ಅದರ ಅಂಚಿನ ಸುತ್ತು 48 ಅಂಗುಲವಾದರೆ ವೃತ್ತದ್ದು 124. ನೆರಿಗೆ ಲಂಗ ಸುತ್ತಿದರೆ ಚೂರು ಉಬ್ಬುತ್ತದೆ, ಛತ್ರಿಯಾಗುವುದಿಲ್ಲ. ಗಿರಾಕಿ ಎರಡನ್ನೂ ಬಿಡದಿದ್ದಾಗ ಉಳಿಯುವ ರಾಜಿ ಇದು: ವೃತ್ತವನ್ನು ಸಾದಾ ಬಟ್ಟೆಯಲ್ಲಿ ಕತ್ತರಿಸಿ, ಅಚ್ಚಿನ ಬಟ್ಟೆಯಿಂದ ಏಳೆಂಟು ಆನೆ ಬಿಡಿಸಿ, ಹಿಂದೆ ಇಸ್ತ್ರಿಗೆ ಅಂಟುವ ಫ್ಯೂಸಿಂಗ್ ಹಚ್ಚಿ, ಒಂದೊಂದರ ಕಾಲೂ ಅಂಚಿನ ಕಡೆಗೆ ಬರುವಂತೆ ಸುತ್ತ ಅಂಟಿಸಿ. ಆಮೇಲೆ ಮೂರು ಮಿಲಿಮೀಟರ್ ಅಗಲದ ಒತ್ತಾದ ಜಿಗ್‌ಜ್ಯಾಗ್. ಸೊಂಡಿಲಿನ ತಿರುವು ಬಂದಾಗ ಸೂಜಿಯನ್ನು ಬಟ್ಟೆಯೊಳಗೆ ಇಳಿಸಿಟ್ಟು, ಮೆಷಿನ್ನಿನ ಕಾಲೆತ್ತಿ, ಬಟ್ಟೆ ತಿರುಗಿಸಿ, ಕಾಲಿಳಿಸಿ. ಅವಸರಕ್ಕೆ ಬಟ್ಟೆಯನ್ನು ಎಳೆದೆಳೆದು ತಿರುಗಿಸಿದರೆ ಸೊಂಡಿಲು ಮೊಂಡಾಗಿ ಆನೆ ಹಂದಿಯಾಗುತ್ತದೆ. ಮಕ್ಕಳು ಇದನ್ನು ತಕ್ಷಣ ಹೇಳುತ್ತಾರೆ, ನೆಂಟರ ಮುಂದೆಯೇ.

ಜೇಬಿನ ವ್ಯಾಜ್ಯ ಬಾಕಿ ಇದೆ. ಪೂರ್ತಿ ವೃತ್ತಕ್ಕೆ ಪಕ್ಕದ ಹೊಲಿಗೆಯೇ ಇಲ್ಲ, ಹಾಗಾಗಿ ಒಳಜೇಬಿಗೆ ಜಾಗವಿಲ್ಲ. ಮೇಲೆ ಹಚ್ಚುವ ಜೇಬೇ ಆಗಬೇಕು. ಮಗುವಿನ ಅಂಗೈ ಅಗಲಕ್ಕೆ ಎರಡು ಅಂಗುಲ ಸೇರಿಸಿ ಕತ್ತರಿಸಿದರೆ ಕೈ ಮುಷ್ಟಿಯಾಗಿ ಹೊರಬರುತ್ತದೆ. ಖಾಲಿ ಕೈ ಹೋಗುವಷ್ಟೇ ಇಟ್ಟರೆ ಗೋಲಿ ಹಿಡಿದ ಕೈ ಒಳಗೇ ಉಳಿದು ಅಳು ಶುರು. ಜೇಬನ್ನು ಎಳೆ ನೇರವಿರುವ ಕಡೆ ಹಚ್ಚಿ, ಬಾಯಿಯ ಎರಡು ಮೂಲೆಗೂ ಪುಟ್ಟ ತ್ರಿಕೋನದ ಹೊಲಿಗೆ ಹಾಕಿ. ಅದರಲ್ಲಿ ಕರವಸ್ತ್ರ ಇರುತ್ತದೆ ಅಂತ ನಂಬಬೇಡಿ. ಕಲ್ಲು ಇರುತ್ತದೆ. ಓರೆಯ ಜಾಗದಲ್ಲಿ ಹಚ್ಚಿದ ಜೇಬಿಗೆ ನಾಲ್ಕು ಕಲ್ಲು ಬಿದ್ದರೆ ಲಂಗ ಆ ಕಡೆಗೆ ಬಾಗಿ ನಡೆಯುತ್ತದೆ.

ಹುಡುಗರ ಆರ್ಡರು ಚಿಕ್ಕದು: ಡೈನೋಸಾರ್. ಚಿತ್ರವಲ್ಲ, ತಾನೇ ಡೈನೋಸಾರ್ ಆಗಬೇಕು. ಟೋಪಿಯಿರುವ ಟೀ ಶರ್ಟಿನ ಬೆನ್ನಿಗೆ ಮುಳ್ಳು. ಇಲ್ಲಿ ಆಗುವ ತಪ್ಪು ಎಲ್ಲರಿಗೂ ಒಂದೇ. ಫೆಲ್ಟಿನ ತ್ರಿಕೋನಗಳನ್ನು ಎರಡು ಪದರದ ನಡುವೆ ಇಡುವಾಗ ಚೂಪು ತುದಿ ಒಳಗೆ, ಬಟ್ಟೆಯ ಕಡೆಗೆ ಇರಬೇಕು. ಕಣ್ಣಿಗೆ ಚೆಂದ ಕಂಡಂತೆ ಹೊರಗೆ ಇಟ್ಟು ಹೊಲಿದರೆ, ಮಗುಚಿದಾಗ ಮುಳ್ಳೆಲ್ಲ ಒಳಗೆ ಹೋಗಿ ಮಗುವಿನ ಬೆನ್ನಿಗೆ ತಾಗುತ್ತವೆ. ಟೀ ಶರ್ಟ್ ಬಟ್ಟೆಗೆ ತುದಿ ಗುಂಡಗಿರುವ ಬಾಲ್‌ಪಾಯಿಂಟ್ ಸೂಜಿ ಹಾಕಿ, ಸಣ್ಣ ಜಿಗ್‌ಜ್ಯಾಗಿನಲ್ಲಿ ಹೊಲಿಯಿರಿ. ನೇರ ಹೊಲಿಗೆ ಬಟ್ಟೆಯ ಜೊತೆ ಹಿಗ್ಗುವುದಿಲ್ಲ, ತಲೆ ತೂರುವಾಗಲೇ ಪಟಪಟ ಬಿಡುತ್ತದೆ. ಬಾಲವನ್ನು ವೆಲ್ಕ್ರೋದಲ್ಲಿ ಹಚ್ಚಿ. ಹೊಲಿದುಬಿಟ್ಟರೆ ಡೈನೋಸಾರು ಊಟಕ್ಕೂ ಕೂರುವಂತಿಲ್ಲ. ಟೋಪಿಗೆ ಲಾಡಿ ಮಾತ್ರ ಎಷ್ಟು ಗೋಗರೆದರೂ ಬೇಡ. ಜಾರುಬಂಡೆಯ ಸಂದಿಗೆ ಸಿಕ್ಕಿ ಕುತ್ತಿಗೆ ಬಿಗಿಯುತ್ತದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಮಕ್ಕಳ ಟೋಪಿ, ಕುತ್ತಿಗೆಯ ಲಾಡಿ ಬೇಡವೆಂದು 1996ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು.

ಹಿಗ್ಗದ ಬಟ್ಟೆಯ ಫ್ರಾಕಿನಲ್ಲಿ ತಲೆ ಸಿಕ್ಕಿಕೊಳ್ಳುವುದು ಬೇರೆ ಕಥೆ. ಮಕ್ಕಳ ಭುಜ ಚಿಕ್ಕದು, ತಲೆ ದೊಡ್ಡದು. ಐದು ವರ್ಷಕ್ಕೆ ತಲೆಯ ಸುತ್ತು 20 ಅಂಗುಲದ ಆಸುಪಾಸು. ಕುತ್ತಿಗೆಯ ಸುತ್ತು 15 ಇಟ್ಟಿದ್ದರೆ ಹಿಂದೆ ಮೂರು ಅಂಗುಲ ಸೀಳು ಕೊಡಿ. ಸೀಳಿಗೆ ಎರಡು ದಡ, ಆರು ಸೇರಿ 21 ಆಯಿತು. ಸೀಳಿಲ್ಲದ ಫ್ರಾಕಿನೊಳಗೆ ಕಿವಿಯವರೆಗೆ ಹೋಗಿ ಕತ್ತಲಲ್ಲಿ ನಿಂತ ಮಗು ಮುಂದಿನ ಆರು ತಿಂಗಳು ಹೊಸ ಬಟ್ಟೆ ಅಂದರೆ ಮಂಚದ ಕೆಳಗೆ ಸೇರುತ್ತದೆ.

ಹಬ್ಬದ ಲಂಗಕ್ಕೆ ಅಜ್ಜಿಯರು ಗುಳೇದಗುಡ್ಡದ ಖಣ ತೆಗೆದುಕೊಡುತ್ತಾರೆ. ಅದರ ಪನ್ನ ಮೂವತ್ತು ಅಂಗುಲದ ಆಚೀಚೆ. ಪನ್ನವನ್ನೇ ಲಂಗದ ಉದ್ದ ಮಾಡಿಕೊಂಡರೆ ಬಟ್ಟೆಯ ಅಂಚು ತಾನಾಗಿ ಪಾದಕ್ಕೆ ಬರುತ್ತದೆ, ಹೆಮ್ಮಿಂಗ್ ಕೂಡ ಉಳಿಯಿತು. 25 ಅಂಗುಲದ ಲಂಗಕ್ಕೆ ಇನ್ನೂ ಬಟ್ಟೆ ಮಿಗುವುದರಿಂದ ಒಂದಂಗುಲದ ಒಂದು ಮಡಿಕೆ ಹಿಡಿದು ಹೊಲಿಯಬಹುದು. ಒಂದಂಗುಲದ ಮಡಿಕೆಯಲ್ಲಿ ಎರಡು ಅಂಗುಲ ಅಡಗಿರುತ್ತದೆ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಎತ್ತರದಲ್ಲಿ ಎರಡು, ಎರಡೂಕಾಲು ಅಂಗುಲ ಬೆಳೆಯುತ್ತಾರೆ; ಕಾಲಿನ ಪಾಲು ಅದಕ್ಕಿಂತ ಕಡಿಮೆ. ಒಂದು ಮಡಿಕೆ ಒಂದು ವರ್ಷ ದಾಟಿಸುತ್ತದೆ. ಖಣದ ಹಿಂಬದಿಯ ಎಳೆ ಕಾಲಿಗೆ ಉಜ್ಜುವುದರಿಂದ ಒಳಗೆ ಮೆತ್ತನೆ ಮಲ್ ಬಟ್ಟೆಯ ಲೈನಿಂಗ್ ಕೊಡಿ. ಲೈನಿಂಗಿನ ಹೊಲಿಗೆಯ ಒರಟು ಬದಿ ಖಣದ ಕಡೆಗಿರಲಿ, ಮಗುವಿನ ಕಡೆಗಲ್ಲ. “ಚುಚ್ತಿದೆ” ಎಂಬ ತೀರ್ಪಿನ ಮುಕ್ಕಾಲು ಪಾಲು ಈ ಒಂದು ತಿರುವಿನಲ್ಲಿ ರದ್ದಾಗುತ್ತದೆ. ಮಿಕ್ಕ ಕಾಲು ಪಾಲು ಜಿಪ್ಪಿನ ಮೇಲ್ತುದಿ. ಅಲ್ಲಿಗೆ ಒಂದು ತುಂಡು ಬಟ್ಟೆಯ ಮುಚ್ಚಳ ಹಾಕಿ.

ಮೆಷಿನ್ನಿಗೆ ಎಣ್ಣೆ ಬಿಟ್ಟು ಕವರು ಮುಚ್ಚುವ ಹೊತ್ತಿಗೆ ಮಗು ಕೈಯಲ್ಲಿ ಗೊಂಬೆ ಹಿಡಿದುಕೊಂಡು ಬರುತ್ತದೆ. ಇವಳಿಗೂ ಇಂಥದ್ದೇ ಬೇಕು. ಗಾಬರಿ ಬೇಡ, ಬಟ್ಟೆ ಇದೆ. 41 ಅಂಗುಲದ ಚೌಕದಿಂದ ವೃತ್ತ ತೆಗೆದಾಗ ಉಳಿದ ನಾಲ್ಕು ಮೂಲೆಯಲ್ಲಿ ಒಂದೊಂದರಲ್ಲೂ 7 ಅಂಗುಲ ಅಡ್ಡಳತೆಯ ಪುಟ್ಟ ವೃತ್ತ ಹಿಡಿಸುತ್ತದೆ. ಗೊಂಬೆಯ ಸೀಟು 8 ಅಂಗುಲ ಇದ್ದರೆ 6.28ರಿಂದ ಭಾಗಿಸಿ, ಒಂದೂಕಾಲು. ಮಿಕ್ಕ ಎರಡೂಕಾಲು ಲಂಗದ ಉದ್ದ. ಇಪ್ಪತ್ತು ನಿಮಿಷದ ಕೆಲಸ. ಗೊಂಬೆ ತೊಟ್ಟುಕೊಂಡು “ಚುಚ್ತಿದೆ” ಅನ್ನುವುದಿಲ್ಲ, ಅಷ್ಟು ಹೊತ್ತಿಗೆ ಅದೇ ದೊಡ್ಡ ಸಮಾಧಾನ ಅನ್ನಿಸಿರುತ್ತದೆ. ಮಗು ಗೊಂಬೆಯನ್ನು ಗಿರ್ರನೆ ಸುತ್ತಿಸಿ, ನಿಲ್ಲಿಸಿ, ಲಂಗವನ್ನು ಮುಂದೆ ಹಿಂದೆ ತಿರುಗಿಸಿ ನೋಡುತ್ತದೆ.

“ಇವಳ ಜೇಬೆಲ್ಲಿ?”