ಬೀರುವಿನಲ್ಲಿ ಕವಿ ಕ್ಷೇಮ

ನಮ್ಮ ತೀರ್ಥಹಳ್ಳಿ ಕಡೆ ಒಬ್ಬ ಕವಿ ಇದ್ದರು. ಹೆಸರು ಬೇಡ, ಜಯಂತಿಯ ಬ್ಯಾನರಿನಲ್ಲಿ ನೋಡಿಕೊಳ್ಳಿ. ಅಲ್ಲೂ ಒತ್ತಕ್ಷರ ತಪ್ಪಿದೆ. ಅವರು ಒಂದು ಕವಿತೆಯ ಮೂರನೇ ಸಾಲನ್ನು ಯಾಕೆ ಹೊಡೆದುಹಾಕಿದರು ಎಂದು ತಿಳಿಯುವ ಹುಚ್ಚು ನನಗೆ ಹತ್ತಿತು. ಸುಮ್ನೆ ಇರಬೇಕಿತ್ತು.

ಆ ಸಾಲು ಸರಿಯಿಲ್ಲ ಎಂದು ಧಾರವಾಡದ ಗೆಳೆಯರೊಬ್ಬರು ಬರೆದಿದ್ದರಂತೆ. ಆ ಪತ್ರ ಶಿವಮೊಗ್ಗದ ಒಂದು ಸಂಗ್ರಹದಲ್ಲಿದೆ. ಕವಿ ಕೊಟ್ಟ ಉತ್ತರ ಧಾರವಾಡದಲ್ಲಿದೆ. ಪತ್ರ ಅಂದರೆ ಹಾಗೇ ಅಲ್ವಾ, ಬರೆದವರ ಮನೆಯಲ್ಲಿ ನಿಲ್ಲೋದಿಲ್ಲ. ಗೀಟು ಹಾಕಿದ ಹಸ್ತಪ್ರತಿ ಮೈಸೂರಿಗೆ ಹೋಗಿದೆ. ಜಗಳ ಒಂದೂರು, ಜವಾಬು ಒಂದೂರು, ಗಾಯ ಇನ್ನೊಂದೂರು.

ಹತ್ತಿರದ್ದು ಮೊದಲು ಎಂದು ಶಿವಮೊಗ್ಗದ ಬಸ್ಸು ಹತ್ತಿದೆ. ಅಲ್ಲಿ ಕಬ್ಬಿಣದ ಬೀರು ಇತ್ತು. ಬೀಗವೂ ಇತ್ತು. ಕೀಲಿ ಇದ್ದವರಿಗೆ ವರ್ಗವಾಗಿತ್ತು. ಮೂರನೇ ಸಲ ಹೋದಾಗ ಬಾಗಿಲು ತೆರೆಯಿತು. ‘ನೋಡಿ ಸಾರ್, ಎಷ್ಟು ಭದ್ರ ಮಾಡಿದ್ದೀವಿ’ ಎಂದು ಅವರು ಒಂದು ಇನ್‌ಲ್ಯಾಂಡ್ ಲೆಟರ್ ಕೈಗಿಟ್ಟರು. ಲ್ಯಾಮಿನೇಷನ್ ಆಗಿತ್ತು! ಥೇಟ್ ಆಧಾರ್ ಕಾರ್ಡು. ಬಿಸಿಗೆ ಪ್ಲಾಸ್ಟಿಕ್ ಕಾಗದಕ್ಕೆ ಹತ್ತಿಕೊಂಡರೆ ಮುಗಿಯಿತು, ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ಒಂದು ಮೂಲೆ ಬಾಯಿಬಿಟ್ಟು, ಮಲೆನಾಡಿನ ತೇವ ಒಳಗೆ ಹೋಗಿ, ಹೊರಗೆ ಬರಲು ದಾರಿ ಕಾಣದೆ ಅಲ್ಲೇ ಕೂತಿತ್ತು. ಶಾಯಿ ಹರಡಿ ಅರ್ಧ ಪುಟ ಆಕಾಶವಾಗಿತ್ತು. ‘ಮೂರನೇ’ ಎನ್ನುವುದು ಮಾತ್ರ ಓದಲು ಬಂತು.

ಫೋಟೋ ತೆಗೀಲಾ ಅಂದೆ. ಅವರು ಹೌಹಾರಿದರು. 1957ರ ಹಕ್ಕುಸ್ವಾಮ್ಯ ಕಾಯ್ದೆ ಇದೆಯಂತೆ. ಕಾಗದ ಪತ್ರ ಪಡೆದವರದ್ದು, ಮಾತು ಬರೆದವರ ವಾರಸುದಾರರದ್ದು. ಬದುಕಿದ್ದಾಗ ಅಚ್ಚಾಗದ ಬರಹಕ್ಕೆ, ಅಚ್ಚಾದ ಮೇಲೆ 60 ವರ್ಷ ಹಕ್ಕು. ಅಂದರೆ ಯಾರೂ ಅಚ್ಚು ಹಾಕದಿದ್ದರೆ ಲೆಕ್ಕ ಶುರುವೇ ಆಗುವುದಿಲ್ಲ. ಕವಿಗೆ ಅಮರತ್ವ ಸಿಗುವುದು ಹೀಗೆ ಎಂದು ನನಗೆ ಗೊತ್ತಿರಲಿಲ್ಲ.

ಹೊರಗೆ ಬಂದರೆ ಕವಿಯ ಕಂಚಿನ ಪ್ರತಿಮೆಗೆ ಟಾರ್ಪಾಲು ಹೊದಿಸಿದ್ದರು. ಕಂಚಿಗೆ ನೆಗಡಿ ಆಗಬಾರದಲ್ಲ. ಬೀರು ಇದ್ದ ಕೋಣೆಯ ಹೆಂಚು ಸೋರುತ್ತಿತ್ತು, ಕೆಳಗೆ ಬಕೆಟ್ ಇಟ್ಟಿದ್ದರು. ಬಕೆಟ್ಟಿಗೂ ದಾಸ್ತಾನು ಸಂಖ್ಯೆ ಬರೆದಿತ್ತು.

ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಇದೇ ಜಿಲ್ಲೆಯ ಕೆಳದಿಯಲ್ಲಿ ತಿಗಳಾರಿ ಲಿಪಿಯ ಓಲೆಗರಿಗಳು ಉಳಿದು ಬಂದಿವೆ. ಹಿಂದಿನವರು ಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಿದ್ದರು, ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತಿದ್ದರು. ಉಪಸಮಿತಿ ಮಾಡಲು ಅವರಿಗೆ ತಿಳಿದಿರಲಿಲ್ಲ, ಪಾಪ.

ಅಟ್ಟ ಅಂದಾಗ ನೆನಪಾಗಿ ಕವಿಯ ಹಳೇ ಮನೆಗೆ ಹೋದೆ. ಸೊಸೆ ಈಗ ಅಜ್ಜಿ. ಕಾಫಿ ಕೊಟ್ಟು, ಏಣಿ ಇಟ್ಟು, ಮಸಿ ಹಿಡಿದ ಗೋಣಿಚೀಲ ಇಳಿಸಿದರು. ಕವಿಗಳು ಉತ್ತರದ ಕರಡು ಇಟ್ಟುಕೊಳ್ಳುತ್ತಿದ್ದರಂತೆ. ಕಾಗದ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಅಕ್ಷರ ಮಾತ್ರ ನಿನ್ನೆ ಬರೆದಂತೆ. ‘ನೀನು ಹೇಳಿದ್ದು ಸರಿ. ಮೂರನೇ ಸಾಲಿನಲ್ಲಿ ಮಳೆ ನಿಲ್ತದೆ. ಆಷಾಢದಲ್ಲಿ ಎಲ್ಲಿ ನಿಲ್ತದೆ ಮಾರಾಯ?’

ನಾನು ನಗುತ್ತಿದ್ದೆ. ಅಜ್ಜಿ ಚೀಲದ ಬಾಯಿ ಕಟ್ಟಿದರು.

‘ಓದಿ ಆಯ್ತಲ್ಲ? ಇಲ್ಲುಂಟು ಅಂತ ಯಾರಿಗೂ ಹೇಳ್ಬೇಡಿ ಮಾರಾಯ್ರೆ. ಸಂರಕ್ಷಣೆ ಮಾಡೋಕೆ ಬಂದ್ಬಿಡ್ತಾರೆ.’