ಗೌಡ್ರ ಹೋಮ್‌ಸ್ಟೇಯೂ ನನ್ನ 18 ಎಂಬಿ ವಿಡಿಯೋನೂ

ವೆಬ್‌ಸೈಟ್ ಮಾಡ್ಕೊಂಡೇ ಹೊಟ್ಟೆ ಹೊರೀತಿರೋನು ನಾನು, ಹನ್ನೊಂದು ವರ್ಷ ಆಯ್ತು. ಹಾಗಾಗಿ ಸೈಟ್ ಅಂದ್ರೆ ಸರಳವಾಗಿರ್ಬೇಕು ಅನ್ನೋ ವಿಷಯ ಮಾತಾಡೋಕೆ ಸ್ವಲ್ಪ ಹಕ್ಕಿದೆ, ಸ್ವಲ್ಪ ನಾಚಿಕೆನೂ ಇದೆ, ಯಾಕಂದ್ರೆ ಇಲ್ಲಿ ಬೈಯೋ ತಪ್ಪುಗಳಲ್ಲಿ ಅರ್ಧಕ್ಕರ್ಧ ನಾನೇ ಮಾಡಿ ದುಡ್ಡೂ ಈಸ್ಕೊಂಡಿದೀನಿ.

ಎರಡು ವರ್ಷದ ಹಿಂದೆ ಸಕಲೇಶಪುರದಿಂದ ಹೆತ್ತೂರು ಕಡೆ ಹೋಗೋ ದಾರೀಲಿ ಒಂದು ಹೋಮ್‌ಸ್ಟೇಗೆ ಸೈಟ್ ಮಾಡ್ಕೊಟ್ಟೆ. ಕಾಫಿ ತೋಟದ ಮಧ್ಯೆ ಹೆಂಚಿನ ಮನೆ, ನಾಲ್ಕು ರೂಮು, ಹಿಂದ್ಗಡೆ ಹಳ್ಳ. ಗೌಡ್ರು (ಹೆಸರು ಬೇಡ, ಅವ್ರೂ ಇಲ್ಲೇ ಫೇಸ್‌ಬುಕ್ಕಲ್ಲಿದಾರೆ) ಹೇಳಿದ್ದು ಒಂದೇ ಮಾತು, "ನೋಡಿ ಇವ್ರೆ, ಬೆಂಗ್ಳೂರೋರು ನೋಡಿದ್ ತಕ್ಷಣ ಬಾಯ್ ಬಿಡ್ಬೇಕು." ಅಷ್ಟೇ ತಾನೆ ಅಂತ ಡ್ರೋನ್‌ನೋರನ್ನ ಕರ್ಕೊಂಡು ಹೋಗಿ ಬೆಳಗಿನ ಮಂಜಲ್ಲಿ ತೋಟದ ವಿಡಿಯೋ ತೆಗೆಸಿ ಅದನ್ನ ಪೇಜ್ ತುಂಬಾ ಹಿಂದ್ಗಡೆ ಓಡೋ ಹಾಗೆ ಹಾಕ್ದೆ, ಹಕ್ಕಿ ಸದ್ದು ಸೇರಿಸ್ದೆ, ಸ್ಕ್ರೋಲ್ ಮಾಡಿದ್ರೆ ಫೋಟೋಗಳು ಎಡಗಡೆಯಿಂದ ಒಂದು ಬಲಗಡೆಯಿಂದ ಒಂದು ತೇಲ್ಕೊಂಡ್ ಬರೋ ಹಾಗೆ ಮಾಡ್ದೆ, ಮೂಲೇಲಿ ಕುಣಿಯೋ ಚಾಟ್ ಗುಳ್ಳೆ ಬೇರೆ. ಆಫೀಸಿನ ಫೈಬರ್ ಲೈನಲ್ಲಿ, ದೊಡ್ಡ ಮಾನಿಟರಲ್ಲಿ ನೋಡೋಕೆ ಏನ್ ಚೆಂದ ಅಂತೀರ! ಗೌಡ್ರೂ ಬಾಯ್ ಬಿಟ್ರು, ನಾನೂ ಬಿಟ್ಟೆ.

ಡಿಸೆಂಬರಲ್ಲಿ ಒಂದು ಶನಿವಾರ ರಾತ್ರಿ ಎಂಟೂವರೆಗೆ ಗೌಡ್ರ ಫೋನು. "ಏನ್ರೀ, ನಿಮ್ ಸೈಟು ಓಪನ್ನೇ ಆಗಲ್ವಂತಲ್ರೀ." ಬೆಂಗಳೂರಿಂದ ಹೊರಟ ಒಂದು ಫ್ಯಾಮಿಲಿ, ಇಬ್ರು ಚಿಕ್ಕ ಮಕ್ಕಳು, ಕೊನೆ ತಿರುವಲ್ಲಿ ದಾರಿ ತಪ್ಪಿ ನಿಂತಿದ್ರಂತೆ. ಗೌಡ್ರ ನಂಬರ್ ಸೇವ್ ಮಾಡ್ಕೊಂಡಿಲ್ಲ, ಸೈಟಲ್ಲಿ ಇದೆಯಲ್ಲ ಅಂತ. ಇದೆ, ಆದ್ರೆ ನಾನು ಅದನ್ನ ಇಟ್ಟಿರೋದು ವಿಡಿಯೋ ದಾಟಿ, ತೇಲೋ ಫೋಟೋ ದಾಟಿ, ಕಟ್ಟಕಡೆಗೆ 'ನಮ್ಮನ್ನು ಸಂಪರ್ಕಿಸಿ' ಅನ್ನೋ ಬಟನ್ ಒಳಗೆ. ಅಲ್ಲಿ ಸಿಗೋದು ಒಂದೇ ಒಂದು ಕಡ್ಡಿ ಸಿಗ್ನಲ್ಲು. ಮುಕ್ಕಾಲು ಗಂಟೆ ಅಲ್ಲೇ ಸುತ್ತಿ, ಬಾಗಿಲು ಹಾಕ್ತಿದ್ದ ಗೂಡಂಗಡಿಯವ್ರನ್ನ ಕೇಳ್ಕೊಂಡು ಮನೆ ಸೇರಿದ್ದಾರೆ.

ಮುಂದಿನ ವಾರ ನಾನೇ ಹೋದೆ. ಅದೇ ತಿರುವಲ್ಲಿ ಬೈಕ್ ನಿಲ್ಸಿ, ನನ್ನ ಸೈಟನ್ನ ನನ್ನದೇ ಮೊಬೈಲಲ್ಲಿ ಓಪನ್ ಮಾಡ್ದೆ. ಬಿಳೀ ಪರದೆ, ಸುತ್ತೋ ಚಕ್ರ. ಸುತ್ತತ್ತೆ, ಸುತ್ತತ್ತೆ, ಸುತ್ತಾನೇ ಇದೆ. ಅಲ್ಲೇ ಮೋರಿ ಕಟ್ಟೆ ಮೇಲೆ ಕೂತು ಲೆಕ್ಕ ಹಾಕ್ದೆ. ವಿಡಿಯೋ 18 ಎಂಬಿ. ಆ ಸಿಗ್ನಲ್ಲಲ್ಲಿ ಸೆಕೆಂಡಿಗೆ 100 ಕಿಲೋಬಿಟ್ (ಎಂಟು ಬಿಟ್ ಸೇರಿದ್ರೆ ಒಂದು ಬೈಟ್) ಸಿಕ್ತು ಅಂತಾನೇ ಇಟ್ಕೊಳ್ಳಿ, ಪೂರ್ತಿ ಇಳಿಯೋಕೆ 24 ನಿಮಿಷ. ಆ 24 ನಿಮಿಷ ಆದ್ಮೇಲೆ ಅವ್ರಿಗೆ ಕಾಣೋದೇನು? ಮಂಜು. ಕಾರಿನ ಗಾಜಿಂದ ಆಚೆ ಅದೇ ಮಂಜು ಪುಕ್ಕಟೆ ಕಾಣ್ತಿತ್ತಲ್ಲ ಅವ್ರಿಗೆ.

ಆಮೇಲೆ ಗೌಡ್ರನ್ನ ಕೇಳ್ದೆ, ಫೋನ್ ಮಾಡೋರು ಏನೇನ್ ಕೇಳ್ತಾರೆ ಸರ್ ಅಂತ. ದಾರಿ ಹೆಂಗೆ, ರೂಮ್ ಖಾಲಿ ಇದ್ಯಾ, ಒಬ್ರಿಗೆ ಎಷ್ಟು, ನಾನ್‌ವೆಜ್ ಮಾಡ್ತೀರಾ, ಬಿಸಿನೀರು ಬರತ್ತಾ, ಕಾರು ಒಳಗಡೆ ತನಕ ಬರತ್ತಾ. ಇಷ್ಟೇ. ಈ ಆರು ಪ್ರಶ್ನೇಲಿ ಒಂದಕ್ಕೂ ನನ್ನ ಸೈಟಲ್ಲಿ ನೆಟ್ಟಗೆ ಉತ್ತರ ಇರ್ಲಿಲ್ಲ. 'ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಅನುಭವ' ಅಂತ ಮಾತ್ರ ದೊಡ್ಡದಾಗಿತ್ತು.

ಎರಡು ದಿನ ಕೂತು ಹೊಸದಾಗಿ ಮಾಡ್ದೆ. ಮೇಲ್ಗಡೆನೇ ಫೋನ್ ನಂಬರು, ಒತ್ತಿದ್ರೆ ಕಾಲ್ ಹೋಗತ್ತೆ. ಅದರ ಕೆಳಗೆ ದಾರಿ, ಮ್ಯಾಪ್ ಅಲ್ಲ, ಮಾತಲ್ಲಿ: ಹಾಲಿನ ಡೈರಿ ಆದ್ಮೇಲೆ ಎಡಕ್ಕೆ, ಸೇತುವೆ ದಾಟಿ ಎರಡನೇ ಗೇಟು, ನೀಲಿ ಬಣ್ಣ. ಆಮೇಲೆ ರೇಟು, ಊಟ, ಬಿಸಿನೀರು, ಪಾರ್ಕಿಂಗು. ಮೂರು ಫೋಟೋ. ಎಲ್ಲಾ ಸೇರಿ 140 ಕೆಬಿ, ಅದೇ ತಿರುವಲ್ಲಿ ಹತ್ತು ಹನ್ನೊಂದು ಸೆಕೆಂಡಿಗೆ ಪೂರ್ತಿ ಬರತ್ತೆ, ನಂಬರ್ ಅಂತೂ ಅದಕ್ಕೂ ಮುಂಚೆ ಕಾಣತ್ತೆ.

ನಮ್ ಫೀಲ್ಡಲ್ಲಿ ಯಾರಿಗಾದ್ರೂ ಇದನ್ನ ತೋರ್ಸಿದ್ರೆ "ಹಳೇ ಕಾಲದ ಸೈಟ್ ಥರ ಇದೆ ಗುರು" ಅಂತಾರೆ. ಹಳೇ ಕಾಲದ್ದೇ ಸ್ವಾಮಿ. ವೆಬ್ ಅನ್ನೋದನ್ನೇ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 1990ರ ಕೊನೇಲಿ ಜಿನೀವಾ ಹತ್ರದ ಸರ್ನ್ ಅನ್ನೋ ಭೌತವಿಜ್ಞಾನದ ಲ್ಯಾಬಲ್ಲಿ ಮಾಡಿದ ಮೊಟ್ಟಮೊದಲ ವೆಬ್ ಪುಟ ಈಗ್ಲೂ ನೋಡೋಕೆ ಸಿಗತ್ತೆ, 2013ರಲ್ಲಿ ಸರ್ನ್‌ನೋರೇ ಅದರ 1992ರ ಪ್ರತೀನ ಹಳೇ ವಿಳಾಸದಲ್ಲಿ ವಾಪಸ್ ಇಟ್ರು. ಬರೀ ಅಕ್ಷರ, ಲಿಂಕು. ಸ್ಮಾರ್ಟ್‌ಫೋನ್ ಅನ್ನೋದು ಯಾರ ಕನಸಲ್ಲೂ ಇಲ್ದಿದ್ದಾಗ ಬರೆದ ಪುಟ ಇವತ್ತಿನ ಫೋನಲ್ಲಿ ಕಣ್ಣು ಮಿಟುಕಿಸೋದ್ರೊಳಗೆ ಓಪನ್ ಆಗತ್ತೆ. ನಾನು 2016ರಲ್ಲಿ ಮಾಡಿದ ಸೈಟುಗಳಲ್ಲಿ ಕೆಲವು ಈಗ ಓಪನ್ ಮಾಡಿದ್ರೆ ಅರ್ಧ ಬಟನ್ ಕೆಲಸ ಮಾಡಲ್ಲ.

ಗೂಗಲ್ ಕಥೆ ಇನ್ನೂ ಮಜಾ ಇದೆ. ಅವ್ರು ಬಂದಾಗ ಯಾಹೂ ಥರದ ಪೋರ್ಟಲ್‌ಗಳ ಕಾಲ, ಒಂದೇ ಪೇಜಲ್ಲಿ ನ್ಯೂಸು, ಷೇರು, ಹವಾಮಾನ, ಜಾತಕ ಎಲ್ಲಾ ತುರುಕಿರ್ತಿದ್ರು. ಗೂಗಲ್ ಪೇಜು ಅಷ್ಟು ಖಾಲಿ ಆಗಿದ್ದು ದೊಡ್ಡ ತತ್ವದಿಂದೇನಲ್ಲ, ಗೂಗಲ್ ಶುರು ಮಾಡಿದ ಇಬ್ರಲ್ಲಿ ಒಬ್ರಾದ ಸರ್ಗೆ ಬ್ರಿನ್‌ಗೆ ಎಚ್‌ಟಿಎಂಎಲ್ (ವೆಬ್ ಪುಟದ ಕೋಡು) ಬರೆಯೋಕೆ ಬೇಜಾರು, ಬರ್ಕೊಡೋಕೆ ಬೇರೆ ಯಾರೂ ಇರ್ಲಿಲ್ಲ ಅಂತ ಅಲ್ಲಿ ಮೊದಮೊದಲು ಸೇರಿದ ಎಂಜಿನಿಯರುಗಳಲ್ಲಿ ಒಬ್ರಾದ ಮರಿಸ್ಸಾ ಮೇಯರ್ ಹೇಳ್ಕೊಂಡಿದಾರೆ. ಟೆಸ್ಟ್ ಮಾಡೋಕೆ ಕರೆಸಿದ ಜನ ಏನೂ ಟೈಪ್ ಮಾಡ್ದೆ ಸುಮ್ನೆ ಪರದೆ ನೋಡ್ತಾ ಕೂತಿದ್ರಂತೆ, ಯಾಕೆ ಅಂದ್ರೆ ಮಿಕ್ಕಿದ್ದು ಬರ್ಲಿ ಅಂತ ಕಾಯ್ತಿದ್ರಂತೆ! ಕೊನೆಗೆ ಕೆಳಗಡೆ ಕಾಪಿರೈಟ್ ಸಾಲು ಹಾಕಿದ್ದೇ ಪೇಜ್ ಇಲ್ಲಿಗೆ ಮುಗೀತು ಅಂತ ಗೊತ್ತಾಗ್ಲಿ ಅಂತ.

ಹಾಗಂತ ಸರಳ ಅನ್ನೋದು ಯಾವಾಗ್ಲೂ ಸೋಮಾರಿತನದಿಂದ ಬರೋದಲ್ಲ. ಬ್ರಿಟನ್ ಸರ್ಕಾರದೋರು 2012ರಲ್ಲಿ ತಮ್ಮ ಹಳೇ ಸೈಟುಗಳನ್ನ ಮುಚ್ಚಿ ಗವ್ ಡಾಟ್ ಯುಕೆ ಅಂತ ಒಂದೇ ಮಾಡೋಕೆ ಶುರು ಮಾಡಿದ್ರು, ಮುಂದಿನ ವರ್ಷ ಲಂಡನ್ನಿನ ಡಿಸೈನ್ ಮ್ಯೂಸಿಯಂ ಅದಕ್ಕೆ ವರ್ಷದ ಡಿಸೈನ್ ಪ್ರಶಸ್ತಿ ಕೊಡ್ತು. ಅಲ್ಲಿ ಸರ್ಕಾರಿ ರಜೆಯ ಪೇಜ್ ಒಂದ್ಸಲ ನೋಡಿ. ಮೇಲ್ಗಡೆನೇ ದೊಡ್ಡದಾಗಿ ಮುಂದಿನ ರಜೆ ಯಾವತ್ತು ಅಂತ ಇರತ್ತೆ. ಜನ ಕೇಳೋದು ಅದನ್ನೇ ತಾನೆ! ನಮ್ಮಲ್ಲಿ ರಜೆ ಪಟ್ಟಿ ಬೇಕಂದ್ರೆ ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್ಫು, ಸೀಲು ಸರಿಯಾಗಿ ತಾರೀಖಿನ ಮೇಲೇ ಬಿದ್ದಿರತ್ತೆ.

ಸುಮ್ನೆ ನಮ್ಮೋರನ್ನ ಬೈಯೋದೂ ಬೇಡ. ಎಸ್ಸೆಸ್ಸೆಲ್ಸಿ, ಪಿಯು ರಿಸಲ್ಟ್ ಬರೋ ಸರ್ಕಾರಿ ಸೈಟು ಇದೆಯಲ್ಲ, ಅದರ ಚೆಂದದ ಬಗ್ಗೆ ಯಾರೂ ಕವಿತೆ ಬರೆಯಲ್ಲ, ಆದ್ರೆ ರಿಜಿಸ್ಟರ್ ನಂಬರ್ ಹಾಕು, ಹುಟ್ಟಿದ ತಾರೀಖೋ ವಿಭಾಗಾನೋ ಹಾಕು, ಒತ್ತು, ಮಾರ್ಕ್ಸ್ ನೋಡು, ಅಷ್ಟೇ. ಎಸ್ಸೆಸ್ಸೆಲ್ಸಿ ಒಂದಕ್ಕೇ ಎಂಟು ಲಕ್ಷಕ್ಕೂ ಜಾಸ್ತಿ ಮಕ್ಕಳು, ಜೊತೆಗೆ ಅವರ ಮಾವ, ಚಿಕ್ಕಮ್ಮ, ಟ್ಯೂಷನ್ ಮೇಷ್ಟ್ರು ಎಲ್ಲಾ ಒಂದೇ ಸಲ ನುಗ್ಗೋ ಜಾಗದಲ್ಲಿ ತೇಲೋ ಫೋಟೋ ಹಾಕಿದ್ರೆ ಏನಾಗ್ತಿತ್ತು ಯೋಚ್ನೆ ಮಾಡಿ.

ಈಗ ನನ್ನ ಹೊಟ್ಟೆಉರಿಗೆ ಬರ್ತೀನಿ. ಕನ್ನಡದ ಸೈಟುಗಳು.

ನಮ್ಮಲ್ಲಿ ಡಿಸೈನೆಲ್ಲಾ ಮೊದ್ಲು ಇಂಗ್ಲಿಷಲ್ಲಿ ಆಗತ್ತೆ, ಕನ್ನಡ ಕೊನೇ ದಿನ ಅದರೊಳಗೆ ತುರುಕೋದು. ಇಂಗ್ಲಿಷಿಗೆ ಅಳತೆ ಕೊಟ್ಟ ಸಾಲಿನ ಎತ್ತರದಲ್ಲಿ 'ಶಾಸ್ತ್ರ' ಅಂತ ಬರೆದು ನೋಡಿ, ಕೆಳಗಿನ ಒತ್ತು ಹೋಗಿ ಮುಂದಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡಿಯತ್ತೆ. ಬಟನ್ನಲ್ಲಿ ಇನ್ನೂ ಮೋಸ, ಒತ್ತೇ ಕಟ್ ಆಗತ್ತೆ. ಭಾಷೆ ಬದಲಾಯಿಸೋ ಬಟನ್ ಮೇಲೆ 'ಕನ್ನಡ' ಹೋಗಿ 'ಕನಡ' ಆಗಿರೋದನ್ನ ನಾನು ಕಣ್ಣಾರೆ ನೋಡಿದೀನಿ. ಸ್ಟೈಲಿಗೆ ಅಂತ ಅಕ್ಷರ ಅಕ್ಷರಕ್ಕೂ ಮಧ್ಯೆ ಜಾಗ ಬಿಡೋ ಇನ್ನೊಂದು ಚಟ ಇದೆ, ಇಂಗ್ಲಿಷಿನ ದಪ್ಪಕ್ಷರಕ್ಕೆ ಅದು ಒಪ್ಪತ್ತೆ, ಕನ್ನಡಕ್ಕೆ ಹಲ್ಲು ಬಿದ್ದ ಬಾಯಿ ಥರ ಕಾಣತ್ತೆ. ಮೇಲೆ ನಾಲ್ಕು ಫ್ಯಾನ್ಸಿ ಫಾಂಟು. ಒತ್ತು, ಗುಣಿತ ಎಲ್ಲಾ ಸೇರಿ ಕನ್ನಡ ಫಾಂಟಲ್ಲಿ ನೂರಾರು ಆಕಾರ ಇರ್ಬೇಕು, ಫೈಲ್ ಇಂಗ್ಲಿಷಿಗಿಂತ ದಪ್ಪ ಆಗೋದು ಸಹಜ. ಫೋನಲ್ಲಿ ಆಗ್ಲೇ ಒಳ್ಳೇ ಕನ್ನಡ ಫಾಂಟ್ ಇರತ್ತೆ, ಅದನ್ನೇ ಬಳಸಿ ಅಂದ್ರೆ ಯಾರಿಗೂ ಬೇಡ. ಒಂದೊಂದು ಪೇಪರಿನ ಸೈಟಿಗೂ ಒಂದೊಂದು ಫಾಂಟ್ ಇಳಿಸ್ಕೊಂಡು, ಇಲ್ಲಾಂದ್ರೆ ಚಿತ್ರಲಿಪಿ ಥರ ಏನೇನೋ ಕಂಡು ಒದ್ದಾಡಿದ ನಮ್ಮ ವಯಸ್ಸಿನೋರಿಗಾದ್ರೂ ನೆನಪಿರ್ಬೇಕಿತ್ತು.

ಅನುವಾದದ ಕಥೆ ಕೇಳ್ಬೇಡಿ. ಗೌಡ್ರ ಹಳೇ ಸೈಟಲ್ಲಿ ಮೆನುನಲ್ಲಿ ಮೊದಲ ಪುಟಕ್ಕೆ ಕರ್ಕೊಂಡು ಹೋಗೋ 'ಹೋಮ್' ಅನ್ನೋದು ಕನ್ನಡದಲ್ಲಿ 'ಮನೆ' ಆಗಿತ್ತು, ನಾನೂ ಗಮನಿಸಿರ್ಲಿಲ್ಲ. ಹೋಮ್‌ಸ್ಟೇ ಸೈಟಲ್ವಾ, ಪಾಪ ಜನ ಮನೆ ಫೋಟೋ ನೋಡೋಣ ಅಂತ ಒತ್ತೋದು, ಇದ್ದ ಜಾಗಕ್ಕೇ ವಾಪಸ್ ಬರೋದು.

ನಮ್ಮಪ್ಪಂಗೆ 71. ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಕೊಂಡು ಮೊಬೈಲಲ್ಲಿ ನ್ಯೂಸ್ ಓದೋ ಅಭ್ಯಾಸ. ಓಪನ್ ಮಾಡಿದ್ ಕೂಡ್ಲೇ ನೋಟಿಫಿಕೇಶನ್ ಬೇಕಾ ಅಂತ ಒಂದು, ಆ್ಯಪ್ ಹಾಕ್ಕೊಳ್ಳಿ ಅಂತ ಒಂದು, ಆಮೇಲೆ ಪೂರ್ತಿ ಮುಚ್ಚೋ ಜಾಹೀರಾತು. "ಲೋ, ಇದನ್ನ ಮುಚ್ಚೋದ್ ಎಲ್ಲೋ?" ಅಂತ ಕೂಗ್ತಾರೆ. ಇಂಟು ಮಾರ್ಕ್ ಒತ್ತಿ ಅಪ್ಪ ಅಂತೀನಿ. ಆ ಇಂಟು ಮಾರ್ಕು ರಾಗಿ ಕಾಳಿನಷ್ಟಿರತ್ತೆ, ಬಿಳಿ ಮೇಲೆ ಬೂದಿ ಬಣ್ಣ. ಅಪ್ಪನ ಹೆಬ್ಬೆರಳು ಗುದ್ದಲಿ ಹಿಡಿದ ಹೆಬ್ಬೆರಳು. ಒತ್ತಿದ್ರೆ ಜಾಹೀರಾತೇ ಓಪನ್ ಆಗತ್ತೆ. "ನಂಗೆ ಬರಲ್ಲ ಬಿಡು" ಅಂತ ಫೋನ್ ಕೆಳಗಿಡ್ತಾರೆ. ನಂಗೆ ಕೋಪ ಬರೋದು ಅದಕ್ಕೇ, ತಪ್ಪು ಮಾಡಿರೋದು ನಮ್ಮಂಥೋರು, ತನಗೆ ಬರಲ್ಲ ಅನ್ಕೊಂಡು ಸುಮ್ನಾಗೋದು ಅವ್ರು.

ಈಗ ಮಿನಿಮಲ್ ಅಂತ ಇನ್ನೊಂದು ಬಂದಿದೆ. ಎಲ್ಲಾ ಖಾಲಿ, ಮೂಲೇಲಿ ಮೂರು ಗೆರೆ. ಬೇಕಾಗಿರೋದೆಲ್ಲಾ ಆ ಮೂರು ಗೆರೆ ಒಳಗೆ. ಬಟನ್ ಮೇಲೆ ಅಕ್ಷರ ತೆಗೆದು ಬರೀ ಚಿತ್ರ, ಅದು ಮನೆನೋ ಗುಡಾರಾನೋ ಬಾಣಾನೋ ದೇವರಿಗೇ ಗೊತ್ತು. ಹಬ್ಬಕ್ಕೆ ನೆಂಟರು ಬರ್ತಾರೆ ಅಂತ ಸಾಮಾನೆಲ್ಲಾ ಮಂಚದ ಕೆಳಗೆ ನೂಕಿದ ಮನೆ ಥರ. ನೋಡೋಕೆ ಚೊಕ್ಕ, ಸೌಟು ಹುಡುಕೋಕೆ ಮಂಡಿ ಊರಬೇಕು. ಗೌಡ್ರ ಹೊಸ ಪೇಜು ಅಷ್ಟೇನೂ ಖಾಲಿ ಇಲ್ಲ, ಅಕ್ಷರ ತುಂಬಿದೆ, ನಮ್ ಆಫೀಸಿನ ಹುಡುಗ್ರ ಕಣ್ಣಿಗೆ ಗಿಜಿಗಿಜಿ ಅನ್ಸತ್ತೆ. ಆದ್ರೆ ಏನನ್ನೂ ಹುಡುಕಬೇಕಾಗಿಲ್ಲ.

(ಇದನ್ನೆಲ್ಲಾ ಫೇಸ್‌ಬುಕ್ಕಲ್ಲಿ ಬರೀತಿದೀನಿ ಅಂತ ಗೊತ್ತು, ನಗ್ಬೇಡಿ. ಕನ್ನಡದ ಒಂದೊಂದು ಅಕ್ಷರಕ್ಕೂ ಗುಣಿತಕ್ಕೂ ಮೂರ್ಮೂರು ಬೈಟ್ ಅಂತ ಹಿಡಿದ್ರೂ ನನ್ನ ಇಷ್ಟುದ್ದದ ಗೋಳು 30 ಕೆಬಿ ಆಸುಪಾಸು. ಅದನ್ನ ತೋರ್ಸೋಕೆ ಈ ಆ್ಯಪ್ ಎಷ್ಟು ಎಂಬಿ ತಿನ್ನತ್ತೆ ನೀವೇ ಸೆಟ್ಟಿಂಗ್ಸಲ್ಲಿ ನೋಡ್ಕೊಳ್ಳಿ.)

ಈ ಮಳೆಗಾಲದಲ್ಲಿ ಒಂದಿನ ಬೆಳಿಗ್ಗೆ ಆರಕ್ಕೇ ಗೌಡ್ರ ಫೋನು. ಡೈರಿ ಹತ್ರ ಮರ ಬಿದ್ದಿದೆ, ಶಾಲೆ ಮೇಲಿಂದ ಸುತ್ತಿ ಬರ್ಬೇಕು, ಮಧ್ಯಾಹ್ನ ಎರಡು ಕಾರು ಬರೋದಿದೆ. ಹಾಸಿಗೆ ಮೇಲೆ ಕೂತೇ ಫೋನಲ್ಲಿ ಒಂದು ಸಾಲು ಸೇರಿಸ್ದೆ, ನಂಬರಿನ ಕೆಳಗೇ. ಎರಡು ನಿಮಿಷದ ಕೆಲಸ. ಸಂಜೆ ಮತ್ತೆ ಫೋನು, ಇಬ್ರೂ ಸರಿಯಾಗಿ ಬಂದ್ರಂತೆ. ಆಮೇಲೆ ಸ್ವಲ್ಪ ತಡೆದು, "ಆದ್ರೂ ಇವ್ರೆ... ಆ ಡ್ರೋನ್ ವಿಡಿಯೋ ಚೆನ್ನಾಗಿತ್ತು. ಕೆಳಗೆ ಎಲ್ಲಾದ್ರೂ ಒಂದ್ ಮೂಲೇಲಿ ಹಾಕೋಕಾಗಲ್ವಾ?"

ಹಾಕಿದೀನಿ. ಎಲ್ಲಕ್ಕಿಂತ ಕೆಳಗೆ, ಒಂದು ಲಿಂಕು: 'ತೋಟದ ವಿಡಿಯೋ, 18 ಎಂಬಿ, ಮನೇಲಿ ವೈಫೈ ಇದ್ದಾಗ ಒತ್ತಿ.'