ಜೋಗ ದೇಶದಲ್ಲೇ ಅತಿ ಎತ್ತರದ ಜಲಪಾತವೇ?

ಮಳೆಗಾಲ ಶುರುವಾದರೆ ಸಾಕು, 'ಭಾರತದಲ್ಲೇ ಅತಿ ಎತ್ತರದ ಜಲಪಾತ ನಮ್ಮ ಜೋಗ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅದು ನಿಜವಲ್ಲ. ಶರಾವತಿ ಇಲ್ಲಿ ಧುಮುಕುವುದು 253 ಮೀಟರ್. ಮೇಘಾಲಯದ ನೊಹ್‌ಕಾಲಿಕಾಯ್ ಸುಮಾರು 340 ಮೀಟರ್. ಜೋಗದ ಸೊಗಸು ಬರೀ ಎತ್ತರದಲ್ಲಿಲ್ಲ ಬಿಡಿ. ಇಲ್ಲಿನ ನಾಲ್ಕು ಧಾರೆಗಳಲ್ಲಿ ರಾಜ ಸೀದಾ ಬೀಳುತ್ತಾನೆ, ರೋರರ್ ಬಂಡೆಗಳ ನಡುವೆ ನುಗ್ಗಿ ಅಬ್ಬರಿಸುತ್ತದೆ, ರಾಕೆಟ್ ಚಿಮ್ಮುತ್ತದೆ, ರಾಣಿ ನೊರೆನೊರೆಯಾಗಿ ಬಂಡೆ ಮೇಲೆ ಜಾರುತ್ತಾಳೆ.

ಆ ಸಂದೇಶದ ಜೊತೆಗೆ ಬರುವ ಫೋಟೋ ನೋಡಿ ವರ್ಷವಿಡೀ ಹೀಗೇ ಇರುತ್ತದೆ ಅಂದುಕೊಳ್ಳಬೇಡಿ. ನದಿಯ ಮೇಲ್ಭಾಗದಲ್ಲಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿದೆ. ನೀರು ಹೆಚ್ಚಾಗಿ ಕರೆಂಟಿಗೇ ಹೋಗುತ್ತದೆ. ಬೇಸಿಗೆಯಲ್ಲಿ ಹೋದರೆ ಕಪ್ಪು ಬಂಡೆಯೇ ಜಾಸ್ತಿ. ಜುಲೈನಿಂದ ಸೆಪ್ಟೆಂಬರ್ ಒಳ್ಳೆಯ ಹೊತ್ತು, ಮಂಜು ಕವಿದರೆ ಮಾತ್ರ ಸ್ವಲ್ಪ ಕಾಯಬೇಕು.